ನೇಮ

ದುಡ್ಡಿಗಾಗಿಯೇ ಇಟ್ಟುಕೊಂಡೆವು, ಸುಳ್ಳೇಕೆ.
ಇವರ ಫ್ಯಾಕ್ಟರಿ ಚಾಕಣಕ್ಕೆ ಹೋಗಿ ಪಗಾರ ಅರ್ಧವಾದ ವರ್ಷ
ಬಾಲ್ಕನಿ ಕಡೆಯ ಖೋಲಿಗೆ ಸುಣ್ಣ ಬಳಿಸಿ
ತಿಂಗಳಿಗೆ ಹನ್ನೊಂದು ಸಾವಿರ, ಎರಡು ಹೊತ್ತಿನ ಊಟ ಸೇರಿ
ಎಂದು ಕಾಲೇಜಿನ ಆಫೀಸಿಗೆ ಬರೆದುಕೊಟ್ಟು ಬಂದೆ.

ಕಳಿಸಿದರು.
ಟಾಂಜಾನಿಯಾ, ಎಂಬೇಯಾ ಊರು, ಫಾರ್ಮಸಿ ಮೊದಲ ವರ್ಷ.
ಏರಂಡವಣೆಯ ನಮ್ಮ ಇಕ್ಕಟ್ಟು ಮೆಟ್ಟಿಲ ತುಂಬ
ಅವಳ ಎರಡು ಸೂಟ್‌ಕೇಸು,
ಅದರ ಹಿಂದೆ ಇಡೀ ಸೊಸೈಟಿಯ ಕಣ್ಣು.

ಬಾಗಿಲಲ್ಲೇ ನಿಲ್ಲಿಸಿಕೊಂಡು ಮನೆಯ ನೇಮಗಳನ್ನೆಲ್ಲ
ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಒಪ್ಪಿಸಿದೆ:
ರಾತ್ರಿ ಒಂಬತ್ತೂವರೆಯೊಳಗೆ. ಮಾಂಸ ಇಲ್ಲ. ಮೊಟ್ಟೆಯೂ.
ಗೀಝರು ಹತ್ತೇ ನಿಮಿಷ.
ಎಲ್ಲ ಕೇಳಿ, ಕೈ ಮುಂದೆ ಮಾಡಿ
ಹೆಸರು ಹೇಳಿದಳು: ನೇಮಾ.
ಅತ್ತೆ ಒಳಗಿನಿಂದ ನಕ್ಕರು,
'ಇಷ್ಟೊತ್ತು ನೀ ಹೇಳಿದ್ದೂ ಅದ. ಆಕಿ ಹೆಸರೂ ಅದ!'

ಅವಳ ನಾಡಿನಲ್ಲಿ ಅದಕ್ಕೆ ಕೃಪೆ ಎಂದರ್ಥವಂತೆ.
ನಾವು ಕೇಳಿದ್ದು ನಾಲ್ಕು ತಿಂಗಳ ಮೇಲೆ.

ಹೊರಗೆ ಏನೇನು ತಿಂದು ಬರುತ್ತಾಳೋ ಎಂದು
ಅತ್ತೆ ಗೊಣಗಿದ್ದಕ್ಕೆ ನಾನೇ, ಹೌದು ನಾನೇ,
ಮಗಳ ನೇಲ್‌ಪಾಲಿಶ್ ತಂದು
ಒಂದು ಸ್ಟೀಲ್ ಲೋಟದ ತಳಕ್ಕೆ ಕೆಂಪು ಚುಕ್ಕಿ ಇಟ್ಟೆ.
ನಮ್ಮ ಪಾತ್ರೆಗಳ ಕಂಠದಲ್ಲೆಲ್ಲ ಕೊರೆದ ಹೆಸರುಗಳಿವೆ,
ಮದುವೆಗೆ ಕೊಟ್ಟವರವು, ಸತ್ತವರವು, ಇಸವಿ ಸಮೇತ.
ಇದಕ್ಕೆ ಚುಕ್ಕಿ ಮಾತ್ರ.
ಕಿಟಕಿಯ ಕಟ್ಟೆಯ ಮೇಲೆ, ಬೋರಲಾಗಿ, ಬೇರೆ.

ಮೇಲಿನ ಮನೆಯ ಲಿಮಯೆಬಾಯಿ ಲಿಫ್ಟಿನಲ್ಲಿ ಪಿಸುಗುಟ್ಟಿದರು,
'ಭೀತಿ ವಾಟತ್ ನಾಹೀ ಕಾ?'
ಆಗುತ್ತಿತ್ತು ಹೆದರಿಕೆ, ಗೀಝರಿನ ಬಿಲ್ಲಿನದು.

ಕೋಸಂಬರಿ ಬಡಿಸಿದ ದಿನ 'ಕಚುಂಬರಿ!' ಎಂದು ಕೂಗಿದಳು.
ಅವರದರಲ್ಲಿ ಈರುಳ್ಳಿ ಟೊಮೆಟೊ, ನಮ್ಮದರಲ್ಲಿ ಹೆಸರುಬೇಳೆ.
ಚಹಾ ಅವಳಿಗೆ ಚಾಯ್, ಚಪಾತಿ ಚಪಾತಿಯೇ, ಗಾಡಿ ಗಾರಿ.
ಯಾವ ಹಡಗಿನಲ್ಲಿ ಯಾರ ಬುತ್ತಿ ಬಿಚ್ಚಿ ಉದುರಿದವೋ ಈ ಮಾತು.
ಹತ್ತಿರ ಎನ್ನುವುದಕ್ಕೂ ಬನ್ನಿ ಎನ್ನುವುದಕ್ಕೂ
ಅವರಲ್ಲಿ ಒಂದೇ ಪದ, ಕರೀಬು.

ರಾತ್ರಿ ಬಾಲ್ಕನಿಯಲ್ಲಿ ತಾಸುಗಟ್ಟಲೆ ಫೋನು.
ಮಾಮಾ, ಮಾಮಾ, ಅದೊಂದೇ ತಿಳಿಯುವುದು.
'ದಿನಾ ಸೋದರಮಾವನ ಜೋಡಿನ ಏನ್ ಮಾತು?' ಅತ್ತೆಗೆ ಚಿಂತೆ,
'ಅವ್ವ ಇಲ್ಲೇನು ಪಾಪ ಇದಕ್ಕ?'
ಮಾಮಾ ಅಂದರೇ ಅವ್ವ ಎಂದು ಬಿಡಿಸಿ ಹೇಳಿದ ಮೇಲೆ
ಆ ಹೊತ್ತಿಗೆ ಟೀವಿಯ ದನಿ ತಗ್ಗಿಸತೊಡಗಿದರು.

ಒಂದು ಮಧ್ಯಾಹ್ನ ಲೋಟ ಮಗುಚಿ
ಮಗಳಿಗೆ ತೋರಿಸುತ್ತಿದ್ದಳು,
'ಬಂದ ದಿನವೇ ನಿನ್ನಮ್ಮ ಇದನ್ನು ನನಗೆಂದೇ ಗುರುತು ಮಾಡಿಟ್ಟರು.
ಹಾಸ್ಟೆಲಿನಲ್ಲಿ ನನ್ನದು ಅಂತ ಒಂದು ಚಮಚವೂ ಇರಲಿಲ್ಲ.'
ಬಾಣಲೆಯಲ್ಲಿ ಸಾಸಿವೆ ಸಿಡಿಯಿತು, ಕರಿದಾಯಿತು, ಹೊಗೆಯಾಯಿತು.
ನಾನು ಒಲೆ ಆರಿಸಲಿಲ್ಲ.
ಅವಳಿಗೆ ಗೊತ್ತಿರಲಿಲ್ಲವೆಂದು
ನನಗಿಂದಿಗೂ ಖಾತ್ರಿಯಿಲ್ಲ.

ಆ ರಾತ್ರಿ ಉಗುರಿನಿಂದ ಕೆರೆದೆ. ಒಂದಂಚು ಎದ್ದಿತು.
ನಿಲ್ಲಿಸಿದೆ.
ಬೆಳಗ್ಗೆ ಎದ್ದು 'ನನ್ನದೆಲ್ಲಿ' ಎಂದರೆ
ಯಾವುದನ್ನೆತ್ತಿ ಕೊಡಲಿ?

ಮಂಡಿಗೆ ಹೋಗಿ ಬಂದ ಶನಿವಾರ
ಮನೆಯೆಲ್ಲ ಘಾಟು ವಾಸನೆ.
ಸ್ಟ್ಯಾಂಡಿನಲ್ಲಿ ಬೋರಲಾಗಿ ಹದಿನೇಳೂ ಲೋಟ,
ಅಥಣಿಯಿಂದ ಅತ್ತೆಯ ಜತೆ ಬಂದ ಹಿತ್ತಾಳೆಯದೂ ಸೇರಿ,
ಎಲ್ಲದರ ತಳಕ್ಕೂ ಕೆಂಪು ಚುಕ್ಕಿ,
ಕೆಲವು ದುಂಡಗೆ, ಕೆಲವು ಕೈ ನಡುಗಿದಲ್ಲಿ ಉದ್ದ.
ಕಿಟಕಿಯ ಕಟ್ಟೆ ಖಾಲಿ.

ಅತ್ತೆ ಜಪಮಣಿ ಹಿಡಿದು ಕೂತಿದ್ದರು.
ಮಾವ ಹೋದಂದಿನಿಂದ ಕೆಂಪು ಮುಟ್ಟದ ಬೆರಳನ್ನು
ಸೆರಗಿನೊಳಗೆ ಎಳೆದುಕೊಂಡು,
ನನ್ನ ಕಡೆ ನೋಡದೆ ಅಂದರು:
'ಬಾಟ್ಲಿ ತೀರೇದ.
ಹುಡುಗಿಗೆ ಇನ್ನೊಂದು ತಂದ್ಕೊಡು.'